ಜಾಹೀರಾತಿಗೆ ಕಚ್ಚಾ ಫುಟೇಜ್ ಕೇಳಿದ್ದಾರೆ: ಏನು ಶೂಟ್ ಮಾಡಲಿ, ಹೇಗೆ ಕೊಡಲಿ?

ಪ್ರಶ್ನೆ: ಇಷ್ಟು ದಿನ ಸಭೆ ಸಮಾರಂಭಗಳ ವಿಡಿಯೊ ಮಾಡಿ, ನಾನೇ ಎಡಿಟ್ ಮಾಡಿ ಕೊಡುತ್ತಿದ್ದೆ. ಈಗ ಸ್ಟೀಲಿನ ಎಲೆಕ್ಟ್ರಿಕ್ ಕೆಟಲ್ ಮಾಡುವ ಕಂಪನಿಯೊಂದು ಜಾಹೀರಾತಿಗೆ ‘ಕಚ್ಚಾ ಫುಟೇಜ್’ ಕೇಳಿದೆ. ಎಡಿಟಿಂಗ್ ಅವರ ಕಡೆಯವರೇ ಮಾಡಿಸಿಕೊಳ್ಳುತ್ತಾರಂತೆ. ಅಡ್ಡ ವಿಡಿಯೊ, ಫೋನಿನಲ್ಲಿ ನೋಡುವ ಉದ್ದ ವಿಡಿಯೊ ಎರಡೂ ಬೇಕಂತೆ. ನನ್ನ ಹತ್ತಿರ ಒಂದು ಮಿರರ್‌ಲೆಸ್ ಕ್ಯಾಮೆರಾ, ಒಂದು ಒಳ್ಳೆಯ ಫೋನು, ಎರಡು ಎಲ್‌ಇಡಿ ಲೈಟು ಇವೆ. ಎಡಿಟಿಂಗೇ ಇಲ್ಲ ಅಂದಮೇಲೆ ಕೆಲಸ ಸುಲಭ ಅಲ್ವಾ? ಏನೇನು ಶೂಟ್ ಮಾಡಬೇಕು, ಹೇಗೆ ಸಿದ್ಧಮಾಡಿ ಕೊಡಬೇಕು?

ಉತ್ತರ: ಸುಲಭ ಅಂದುಕೊಳ್ಳಬೇಡಿ. ನೀವೇ ಶೂಟ್ ಮಾಡಿ ನೀವೇ ಎಡಿಟ್ ಮಾಡುವಾಗ ಒಂದು ಶಾಟ್ ಕೈಕೊಟ್ಟರೆ ಅದನ್ನು ಹೇಗೆ ಸಂಭಾಳಿಸಬೇಕು ಅಂತ ನಿಮಗೆ ಗೊತ್ತಿರುತ್ತದೆ. ಈ ಸಲ ನಿಮ್ಮ ಕ್ಲಿಪ್ಪುಗಳು ಹೋಗುವುದು ಆ ದಿನ ಅಲ್ಲಿ ಇರದಿದ್ದವರ ಕೈಗೆ. ಯಾವ ಟೇಕ್ ಚೆನ್ನಾಗಿ ಬಂತು, ಲೈಟನ್ನು ಯಾವಾಗ ಜರುಗಿಸಿದಿರಿ, ಮಧ್ಯಾಹ್ನದ ಮೇಲೆ ಬೇರೆ ಕೆಟಲ್ ಯಾಕೆ ಬಂತು, ಎಡಿಟರ್‌ಗೆ ಇದೊಂದೂ ಗೊತ್ತಿರುವುದಿಲ್ಲ. ಕಾರ್ಡಿನಲ್ಲಿ ಏನಿದೆಯೋ ಅಷ್ಟೇ ಅವರಿಗೆ ಸಿಗುವುದು. ಕ್ಯಾಮೆರಾ ಆನ್ ಮಾಡುವಾಗಲೂ ಫೋಲ್ಡರ್ ಕಳಿಸುವಾಗಲೂ ಅವರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಆ ಒಂದು ಮಾತಿನಿಂದಲೇ ಬಂದದ್ದು.

ಮೊದಲು ‘ರಾ’ ಅನ್ನುವ ಪದದ ಗೊಂದಲ ಬಿಡಿಸಿಕೊಳ್ಳೋಣ. ಕಂಪನಿಯವರು ‘ರಾ ಫುಟೇಜ್ ಕೊಡಿ’ ಅಂದರೆ ನೂರಕ್ಕೆ ತೊಂಬತ್ತು ಪಾಲು ಅವರ ಅರ್ಥ ಇಷ್ಟೇ: ಕತ್ತರಿಸದ, ಬಣ್ಣ ತಿದ್ದದ, ಹಾಡು, ಅಕ್ಷರ ಏನೂ ಹಾಕದ ಕ್ಲಿಪ್ಪುಗಳು. ರಾ ಅಂತ ಒಂದು ಫಾರ್ಮ್ಯಾಟೂ ಇದೆ. ಸೆನ್ಸರ್ ಹಿಡಿದದ್ದನ್ನು ಕ್ಯಾಮೆರಾ ಪೂರ್ತಿ ಚಿತ್ರವಾಗಿ ಬೇಯಿಸುವ ಮೊದಲೇ ಬರೆದಿಡುವುದು. ಪ್ರೋರೆಸ್ ರಾ, ಬ್ಲ್ಯಾಕ್‌ಮ್ಯಾಜಿಕ್ ರಾ ಇವೆಲ್ಲ ಆ ಜಾತಿಯವು. ಫೈಲು ದೊಡ್ಡದು, ಎಲ್ಲ ಎಡಿಟಿಂಗ್ ಸಾಫ್ಟ್‌ವೇರೂ ಎಲ್ಲ ರಾ ಫೈಲನ್ನು ತೆರೆಯುವುದಿಲ್ಲ. ಅವರಿಗೆ ಇವೆರಡರಲ್ಲಿ ಯಾವುದು ಬೇಕು ಅಂತ ಕೇಳಿಬಿಡಿ. ಕೇಳಿದರೆ ಚಿಕ್ಕವರಾಗುವುದಿಲ್ಲ, ಕೆಲಸ ಗೊತ್ತಿರುವವರೇ ಕೇಳುವುದು.

ಹಾಗೆ ಕೇಳುವಾಗಲೇ ಇನ್ನೂ ನಾಲ್ಕು ವಿಷಯ ಕೇಳಿಟ್ಟುಕೊಳ್ಳಿ. ಟೈಮ್‌ಲೈನ್ ಸೆಕೆಂಡಿಗೆ ಎಷ್ಟು ಫ್ರೇಮಿನದು: 24, 25, 30? ಜಾಹೀರಾತಿನ ಉದ್ದ ಎಷ್ಟು? 30 ಸೆಕೆಂಡಿನದು ಮಾತ್ರವೋ, 15 ಮತ್ತು 6 ಸೆಕೆಂಡಿನವೂ ಇವೆಯೋ? ಲಾಗ್ (ಆಮೇಲೆ ಬಣ್ಣ ತಿದ್ದಲೆಂದೇ ಸಪ್ಪೆಯಾಗಿ ರೆಕಾರ್ಡ್ ಮಾಡುವ ರೀತಿ) ಬೇಕೋ, ಮಾಮೂಲಿ ಬಣ್ಣವೋ? ಸ್ಥಳದ ಶಬ್ದ ಬಳಸುತ್ತಾರೋ, ಪೂರ್ತಿ ಹಾಡು ಮತ್ತು ಹಿನ್ನೆಲೆ ದನಿಯೋ? 6 ಸೆಕೆಂಡಿನದು ಇದೆ ಅಂದರೆ ನಿಮ್ಮ ಶಾಟ್‌ಗಳೇ ಬದಲಾಗುತ್ತವೆ. ನಿಧಾನವಾಗಿ ಕ್ಯಾಮೆರಾ ಸರಿದು ಬಂದು ಕೊನೆಗೆ ಕೆಟಲ್ ಕಾಣಿಸುವ 8 ಸೆಕೆಂಡಿನ ಶಾಟ್ ಎಷ್ಟೇ ಚೆಂದ ಇದ್ದರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊದಲ ಫ್ರೇಮಿನಲ್ಲೇ ವಸ್ತು ಕಾಣುವ ಶಾಟ್‌ಗಳು ಬೇಕಾಗುತ್ತವೆ.

ಅಡ್ಡ, ಉದ್ದ ಎರಡೂ ಕೇಳಿದ್ದಾರೆ ಅಂದಿರಿ. 4ಕೆ ಅಂದರೆ 3840 ಅಗಲ, 2160 ಎತ್ತರ. ಅದರ ನಡುವಿನಿಂದ 9:16ರ ಪಟ್ಟಿ ಕತ್ತರಿಸಿದರೆ 1215 ಅಗಲ, 2160 ಎತ್ತರ ಸಿಗುತ್ತದೆ. ಫೋನಿನ ಉದ್ದ ವಿಡಿಯೊಗೆ 1080 ಅಗಲ, 1920 ಎತ್ತರ ಸಾಕು. ಹಾಗಾಗಿ 4ಕೆಯಲ್ಲಿ ತೆಗೆದರೆ ಎಡಿಟರ್ ಒಂದೇ ಕ್ಲಿಪ್ಪಿನಿಂದ ಎರಡನ್ನೂ ಮಾಡಬಹುದು. ಅದೇ ನೀವು 1920 ಅಗಲ, 1080 ಎತ್ತರದಲ್ಲಿ ತೆಗೆದಿದ್ದರೆ ಆ ಪಟ್ಟಿಯ ಅಗಲ 607ಕ್ಕೆ ಇಳಿಯುತ್ತದೆ. ಅದನ್ನು ಎಳೆದು ದೊಡ್ಡದು ಮಾಡಿದರೆ ಕೆಟಲ್ಲಿನ ಅಂಚು ಮಸುಕಾಗುತ್ತದೆ.

ಆದರೆ ಬರೀ ಲೆಕ್ಕ ನಂಬಬೇಡಿ. ಕೆಟಲ್ ಎಡಕ್ಕೆ, ಲೋಟ ಬಲಕ್ಕೆ ಇಟ್ಟು ನೀರು ಸುರಿಯುವ ಶಾಟ್ ತೆಗೆದಿದ್ದೀರಿ ಅನ್ನಿ. ನಡುವಿನ ಪಟ್ಟಿಯಲ್ಲಿ ನೀರಿನ ಧಾರೆ ಮಾತ್ರ ಉಳಿಯುತ್ತದೆ, ಕೆಟಲ್ಲೂ ಇಲ್ಲ, ಲೋಟವೂ ಇಲ್ಲ! ಮುಖ್ಯವಾದ ನಾಲ್ಕೈದು ಶಾಟ್‌ಗಳನ್ನು ಕ್ಯಾಮೆರಾ ತಿರುಗಿಸಿ ಉದ್ದಕ್ಕೇ ಮತ್ತೊಮ್ಮೆ ತೆಗೆಯಿರಿ. ಉದ್ದ ಫ್ರೇಮಿನ ಕೆಳಭಾಗ ಮತ್ತು ಬಲ ಅಂಚಿನ ಮೇಲೆ ಆ್ಯಪ್‌ಗಳ ಬಟನ್ನು, ಬರಹ ಕೂರುತ್ತವೆ. ಕಂಪನಿಯ ಹೆಸರು ಅಲ್ಲಿಗೆ ಬರದಂತೆ ನೋಡಿಕೊಳ್ಳಿ. ಅಡ್ಡ ಫ್ರೇಮಿನಲ್ಲೂ ಕೆಲವು ಶಾಟ್‌ಗಳಲ್ಲಿ ಒಂದು ಬದಿ ಬೇಕೆಂದೇ ಖಾಲಿ ಬಿಡಿ. ಅಕ್ಷರ, ಲೋಗೋ ಹಾಕಲು ಎಡಿಟರ್ ಹುಡುಕುವುದು ಆ ಖಾಲಿ ಜಾಗವನ್ನೇ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಒಂದೇ ನಿಯಮ: ಯಾವುದೂ ಆಟೋದಲ್ಲಿ ಇರಬಾರದು. ಶಾಟ್ ನಡುವೆ ಕೈ ಅಡ್ಡ ಬಂದ ಕೂಡಲೇ ಬೆಳಕು ತಾನಾಗಿ ಏರಿ ಇಳಿದರೆ ಅದನ್ನು ತಿದ್ದುವುದು ಎಡಿಟರ್‌ಗೆ ತಲೆನೋವು. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೆಟ್ಟಿಂಗ್, ಅದನ್ನು ಕೆಲ್ವಿನ್‌ನಲ್ಲಿ (ಬೆಳಕಿನ ಬಣ್ಣ ಅಳೆಯುವ ಮಾನ) ಫಿಕ್ಸ್ ಮಾಡಿ. ನಿಮ್ಮ ಲೈಟು ಹಗಲು ಬೆಳಕಿನ ಬಣ್ಣದ್ದಾದರೆ 5600. ರೂಮಿನ ಮಾಮೂಲಿ ಬಲ್ಬುಗಳನ್ನು ಆರಿಸಿಬಿಡಿ. ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಬಿದ್ದ ಸ್ಟೀಲನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ. ಸೆಕೆಂಡಿಗೆ 25 ಫ್ರೇಮಾದರೆ ಶಟರ್ 1/50. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ, ಅದಕ್ಕೆ 1/50 ಅಥವಾ 1/100 ಹೊಂದುತ್ತದೆ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಕೆಲವು ಅಗ್ಗದ ಎಲ್‌ಇಡಿಗಳು ಬೆಳಕು ಕಡಿಮೆ ಮಾಡಿದಾಗ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಲೋ ಮೋಷನ್‌ನಲ್ಲಿ ಗೊತ್ತಾಗುತ್ತದೆ. ಹಿಂದಿನ ದಿನವೇ ನೀವು ಬಳಸುವ ಸ್ಪೀಡಿನಲ್ಲಿ ಹತ್ತು ಸೆಕೆಂಡು ತೆಗೆದು ದೊಡ್ಡ ಪರದೆಯಲ್ಲಿ ನೋಡಿ.

ಪ್ರತಿ ಸಲ ಲೈಟಿಂಗ್ ಬದಲಿಸಿದಾಗ ಕೆಟಲ್ ಪಕ್ಕ ಒಂದು ಗ್ರೇ ಕಾರ್ಡ್ (ಬಣ್ಣ ಹೋಲಿಸಿ ನೋಡುವ ಬೂದು ಹಲಗೆ) ಹಿಡಿದು ಐದು ಸೆಕೆಂಡು ರೆಕಾರ್ಡ್ ಮಾಡಿ. ಬಣ್ಣ ತಿದ್ದುವವರಿಗೆ ಅದು ದಾರಿ ತೋರಿಸುವ ಕಂಬ. ಆ ಐದು ಸೆಕೆಂಡು ಅವರ ಅರ್ಧ ದಿನ ಉಳಿಸುತ್ತದೆ.

ಲಾಗ್ ಬಗ್ಗೆ ಸ್ವಲ್ಪ ಎಚ್ಚರ. ಲಾಗ್‌ನಲ್ಲಿ ಚಿತ್ರ ಬೂದು ಬೂದಾಗಿ, ಸಪ್ಪೆಯಾಗಿ ಕಾಣುತ್ತದೆ. ಆಮೇಲೆ ತಿದ್ದಲು ಜಾಗ ಜಾಸ್ತಿ ಇರಲಿ ಅಂತ ಹಾಗೆ ಮಾಡಿರುತ್ತಾರೆ. ನಿಮ್ಮ ಕ್ಯಾಮೆರಾ 8 ಬಿಟ್ ಮಾತ್ರ ಬರೆಯುತ್ತದೆ ಅಂದರೆ ಲಾಗ್ ಬೇಡ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಕೆಟಲ್ ಹಿಂದಿನ ಗೋಡೆ ಬೆಳಕಿನಿಂದ ನೆರಳಿಗೆ ಮೆಲ್ಲಗೆ ಜಾರುತ್ತದೆ ಅಲ್ವಾ, 8 ಬಿಟ್ ಲಾಗ್ ತಿದ್ದಲು ಹೋದರೆ ಆ ಗೋಡೆಯ ಮೇಲೆ ಪಟ್ಟೆ ಪಟ್ಟೆ ಎದ್ದು ಕಾಣುತ್ತದೆ. 10 ಬಿಟ್ ಇದ್ದರೆ ಧಾರಾಳವಾಗಿ ಲಾಗ್‌ನಲ್ಲಿ ತೆಗೆಯಿರಿ. ಕತ್ತಲಾಗದಂತೆ ಸ್ವಲ್ಪ ಬೆಳಕು ಜಾಸ್ತಿಯೇ ಇಡಿ, ಲಾಗ್‌ನಲ್ಲಿ ನೆರಳಿನ ಭಾಗದಲ್ಲೇ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳು ಕಾಳು ಚುಕ್ಕೆ, ತುಂಬಿಕೊಳ್ಳುವುದು.

ಫೋನು ಬಳಸುವುದಾದರೆ ಎಚ್‌ಡಿಆರ್ (ಬೆಳಕು ನೆರಳಿನ ವ್ಯತ್ಯಾಸ ಹೆಚ್ಚು ಹಿಡಿಯುವ) ವಿಡಿಯೊ ಆಫ್ ಮಾಡಿ. 2020ರ ಐಫೋನ್ 12ರಿಂದ ಈಚೆಗೆ ಡಾಲ್ಬಿ ವಿಷನ್ ಎಚ್‌ಡಿಆರ್‌ನಲ್ಲಿ ರೆಕಾರ್ಡ್ ಆಗುತ್ತದೆ. ಮಾಮೂಲಿ ಟೈಮ್‌ಲೈನಿಗೆ ಅದನ್ನು ಹಾಗೇ ಹಾಕಿದರೆ ಬಿಳಿ ಭಾಗವೆಲ್ಲ ಸುಟ್ಟಂತೆ ಕಾಣಬಹುದು. ಬ್ಯೂಟಿ ಫಿಲ್ಟರ್ ಬೇಡವೇ ಬೇಡ. ಇನ್ನೊಂದು ಕಣ್ಣಿಗೆ ಕಾಣದ ತೊಂದರೆ ಇದೆ. ಬಹಳ ಫೋನುಗಳು ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ಬರೆಯುವುದಿಲ್ಲ. ಒಮ್ಮೆ 29, ಒಮ್ಮೆ 30, ಬೆಳಕು ಕಡಿಮೆಯಾದರೆ ಇನ್ನೂ ಕೆಳಕ್ಕೆ. ಉದ್ದದ ಕ್ಲಿಪ್ಪಿನಲ್ಲಿ ಮಾತು ಮತ್ತು ತುಟಿ ಬೇರೆ ಬೇರೆಯಾಗುವುದು ಇದರಿಂದಲೇ. ಫ್ರೇಮ್ ರೇಟ್ ಹಿಡಿದಿಡುವ ಕ್ಯಾಮೆರಾ ಆ್ಯಪ್ ಬಳಸಿ, ಫೋಕಸ್ಸು, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ.

ಇನ್ನು ಕೆಟಲ್. ನಿಜವಾದ ಕೆಲಸ ಇರುವುದು ಇಲ್ಲೇ. ಹೊಳೆಯುವ ಸ್ಟೀಲ್ ಕೆಟಲ್ ಅಂದರೆ ಉಬ್ಬಿದ ಕನ್ನಡಿ. ಇಡೀ ರೂಮು ಅದರೊಳಗೆ ಕಾಣುತ್ತದೆ: ಕಿಟಕಿ, ಲೈಟಿನ ಸ್ಟ್ಯಾಂಡು, ಕ್ಯಾಮೆರಾ, ಅದರ ಹಿಂದೆ ನಿಂತಿರುವ ನೀವು. ಲೆನ್ಸಿಗೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿದರೆ ಹೋಗುತ್ತದೆ ಅಂತ ಬಹಳ ಮಂದಿ ನಂಬಿದ್ದಾರೆ. ಗಾಜು, ನೀರು, ಪ್ಲಾಸ್ಟಿಕ್ ಮೇಲಿನ ಪ್ರತಿಬಿಂಬವನ್ನು ಅದು ತಗ್ಗಿಸುತ್ತದೆ, ಬರೀ ಲೋಹದ ಮೇಲೆ ಅದರ ಆಟ ನಡೆಯುವುದಿಲ್ಲ. ಸ್ಟೀಲಿನಲ್ಲಿ ಪ್ರತಿಬಿಂಬ ಇದ್ದೇ ಇರುತ್ತದೆ. ಏನು ಕಾಣಬೇಕು ಅನ್ನುವುದನ್ನು ನೀವು ತೀರ್ಮಾನಿಸಬೇಕು, ಅಷ್ಟೇ.

ನಾನು ಮಾಡುವ ಕ್ರಮ ಹೇಳುತ್ತೇನೆ. ಕೆಟಲ್ಲಿನ ಒಂದು ಬದಿಗೆ, ಫ್ರೇಮಿನಿಂದ ಆಚೆ, ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರಕ್ಕೆ ದೊಡ್ಡ ಬಿಳಿ ಬಟ್ಟೆ ಕಟ್ಟಿ ಅದರ ಹಿಂದಿನಿಂದ ಲೈಟು ಬಿಡುತ್ತೇನೆ. ಸ್ಟೀಲಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ನುಣ್ಣನೆಯ ಒಂದು ಬೆಳ್ಳಿ ಪಟ್ಟಿ ಮೂಡುತ್ತದೆ. ಇನ್ನೊಂದು ಬದಿಗೆ ಥರ್ಮಾಕೋಲ್ ಹಲಗೆ. ಎಲ್ಲ ಬಿಳಿಯಾದರೆ ಕೆಟಲ್ಲಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಎರಡೂ ಅಂಚಿಗೆ ಕಪ್ಪು ಕಾರ್ಡಿನ ಸಣ್ಣ ಪಟ್ಟಿ ನಿಲ್ಲಿಸುತ್ತೇನೆ. ಆಗ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಆಕಾರ ಎದ್ದು ಬರುತ್ತದೆ. ಆ ಕಪ್ಪು ಪಟ್ಟಿಯನ್ನು ಎರಡು ಬೆರಳಷ್ಟು ಆಚೆ ಈಚೆ ಸರಿಸುತ್ತಾ ಮಾನಿಟರ್ ನೋಡಿ. ಕೆಟಲ್ ಒಮ್ಮೆ ಚಪ್ಪಟೆ, ಒಮ್ಮೆ ದುಂಡಗೆ ಕಾಣುತ್ತದೆ. ದುಂಡಗೆ ಕಂಡಲ್ಲಿ ನಿಲ್ಲಿಸಿ. ಕ್ಯಾಮೆರಾವನ್ನು ದೂರಕ್ಕೆ ಒಯ್ದು ಉದ್ದ ಲೆನ್ಸ್ ಹಾಕಿ, ಪ್ರತಿಬಿಂಬದಲ್ಲಿ ಅದು ಚಿಕ್ಕದಾಗುತ್ತದೆ. ಲೆನ್ಸ್ ಮುಂದೆ ತೂತು ಮಾಡಿದ ಕಪ್ಪು ಬಟ್ಟೆ ಇಳಿಬಿಡಿ. ನೀವೂ ಕಪ್ಪು ಬಟ್ಟೆ ಹಾಕಿಕೊಂಡು ಹೋಗಿ.

ಬೆರಳ ಗುರುತು ಸ್ಟೀಲಿನ ದೊಡ್ಡ ಶತ್ರು. ಹತ್ತಿ ಕೈಗವಸು, ಮೈಕ್ರೋಫೈಬರ್ ಬಟ್ಟೆ, ಗಾಳಿ ಊದುವ ರಬ್ಬರ್ ಬ್ಲೋವರ್ ಮೂರೂ ಕೈಗೆಟಕುವಂತೆ ಇರಲಿ. ಕಂಪನಿಯಿಂದ ಕನಿಷ್ಠ ಮೂರು ಹೊಸ ಕೆಟಲ್ ತರಿಸಿಕೊಳ್ಳಿ. ಒಂದನ್ನು ಲೈಟು, ಫೋಕಸ್ಸು ಹೊಂದಿಸಲು ಬಳಸಿ. ಒಂದನ್ನು ನೀರು ಕಾಯಿಸಲು. ಎಲ್ಲಕ್ಕಿಂತ ಚೆನ್ನಾಗಿರುವ ಒಂದನ್ನು ಕ್ಲೋಸಪ್ಪಿಗೆ ಮಾತ್ರ ಇಡಿ, ಅದನ್ನು ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಕೆಲವು ಸಲ ನೀರು ಕಾಯಿಸಿದ ಕೆಟಲ್ಲಿನೊಳಗೆ ಬಿಳಿ ಕಲೆ ಉಳಿಯುತ್ತದೆ, ಮುಚ್ಚಳ ತೆರೆಯುವ ಶಾಟ್‌ನಲ್ಲಿ ಅದು ಕಂಡೇ ಕಾಣುತ್ತದೆ.

ಹಬೆ ಬೇಕು ಅಂತ ಕೇಳಿಯೇ ಕೇಳುತ್ತಾರೆ. ಮುಂದಿನಿಂದ ಬೆಳಕು ಬಿಟ್ಟರೆ ಹಬೆ ಕಾಣುವುದಿಲ್ಲ. ಹಿಂದಿನಿಂದ ಸ್ವಲ್ಪ ಓರೆಯಾಗಿ ಬಿಡಿ, ಅದರ ಹಿನ್ನೆಲೆ ಗಾಢವಾಗಿರಲಿ. ರೂಮು ತಣ್ಣಗಿದ್ದಷ್ಟೂ ಹಬೆ ದಟ್ಟವಾಗಿ ಕಾಣುತ್ತದೆ. ಫ್ಯಾನು ನಿಲ್ಲಿಸಿ, ಶಾಟ್ ನಡುವೆ ಯಾರೂ ಓಡಾಡದಿರಲಿ.

ಈಗ ನನಗೆ ಪಾಠ ಕಲಿಸಿದ ಒಂದು ಸಂಗತಿ. ಈ ಕೆಲಸ ಶುರುಮಾಡಿದ ದಿನಗಳಲ್ಲಿ ಇಂಥದೇ ಬಿಸಿನೀರಿನ ಪಾತ್ರೆಯ ಕೊನೆಯ ಶಾಟ್ ತೆಗೆದಿದ್ದೆ. ಪಾತ್ರೆ ಒಂಟಿಯಾಗಿ ನಿಂತಿದೆ, ಮೂತಿಯಿಂದ ಹಬೆ ಏಳುತ್ತಿದೆ. ಬಹಳ ಚೆನ್ನಾಗಿ ಬಂದಿತ್ತು. ಮೂರು ಸೆಕೆಂಡಿಗೆ ಸ್ಟಾಪ್ ಒತ್ತಿದ್ದೆ. ಎಡಿಟರ್‌ಗೆ ಅಲ್ಲಿ ಐದು ಸೆಕೆಂಡು ಬೇಕಿತ್ತು, ಲೋಗೋ ಬಂದು ನಿಲ್ಲಲು, ಹಿನ್ನೆಲೆ ದನಿ ಮುಗಿಯಲು. ಬೇರೆ ದಾರಿ ಇಲ್ಲದೆ ಕೊನೆಯ ಫ್ರೇಮನ್ನು ಹಾಗೇ ಹಿಡಿದು ನಿಲ್ಲಿಸಿದರು. ತೇಲುತ್ತಿದ್ದ ಹಬೆ ಗಾಳಿಯಲ್ಲೇ ಗಕ್ಕನೆ ನಿಂತುಬಿಟ್ಟಿತು. ನೋಡಿದವರಿಗೆಲ್ಲ ಅದೇ ಕಣ್ಣಿಗೆ ಬಡಿಯಿತು. ಮತ್ತೆ ಶೂಟ್ ಮಾಡಬೇಕಾಯಿತು. ಅವತ್ತಿನಿಂದ ಕೊನೆಯ ಪ್ಯಾಕ್ ಶಾಟ್ ಅಂದರೆ 15 ಸೆಕೆಂಡಿಗಿಂತ ಮೊದಲು ನಾನು ಕ್ಯಾಮೆರಾ ನಿಲ್ಲಿಸುವುದಿಲ್ಲ.

ಉಳಿದ ಶಾಟ್‌ಗಳಿಗೂ ಮುಂದೆ ಐದು, ಹಿಂದೆ ಐದು ಸೆಕೆಂಡು ಇರಲಿ. ಇದನ್ನು ಎಡಿಟಿಂಗಿನವರು ಹ್ಯಾಂಡಲ್ ಅನ್ನುತ್ತಾರೆ. ಕ್ಯಾಮೆರಾ ಓಡಿಸಿ, ಐದು ಎಣಿಸಿ, ಆಮೇಲೆ ಕೈ ಫ್ರೇಮಿನೊಳಗೆ ಬರಲಿ. ಕೆಲಸ ಮುಗಿದ ಮೇಲೆ ಕೈ ಪೂರ್ತಿ ಆಚೆ ಹೋಗಲಿ, ಮತ್ತೆ ಐದು ಎಣಿಸಿ. ಕ್ಯಾಮೆರಾ ಚಲಿಸುವ ಶಾಟ್ ಆದರೆ ಚಲನೆಗೆ ಮೊದಲೂ ಆಮೇಲೂ ನಿಶ್ಚಲವಾಗಿ ನಿಲ್ಲಿಸಿ. ಒಂದೇ ಕ್ರಿಯೆಯನ್ನು ದೂರದಿಂದ, ಮಧ್ಯದಿಂದ, ಹತ್ತಿರದಿಂದ ಮೂರು ಸಲ ತೆಗೆಯಿರಿ. ಪ್ರತಿ ಸಲವೂ ಅದೇ ಕೈ, ಅದೇ ಹಿಡಿತ, ಲೋಟದಲ್ಲಿ ಅಷ್ಟೇ ನೀರು. ಕೈಯವರ ಉಂಗುರ ಒಂದು ಶಾಟ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡನ್ನೂ ಜೋಡಿಸಲು ಬರುವುದಿಲ್ಲ. ಸ್ವಿಚ್ಚಿನ ದೀಪ ಹೊತ್ತುವುದು, ಮುಚ್ಚಳ ಬೀಳುವುದು, ನೀರಿನೊಳಗೆ ಮೊದಲ ಗುಳ್ಳೆ ಏಳುವುದು, ಇಂಥ ಚೂರು ಚೂರು ಶಾಟ್‌ಗಳನ್ನು ಕೈಬಿಚ್ಚಿ ತೆಗೆಯಿರಿ. 15 ಸೆಕೆಂಡಿನ ಜಾಹೀರಾತು ನಿಲ್ಲುವುದು ಇವುಗಳ ಮೇಲೆಯೇ. ಟ್ರೈಪಾಡ್ ಅಲುಗಿಸದೆ ಖಾಲಿ ಮೇಜಿನ ಒಂದು ಶಾಟ್ ಕೂಡ ಇರಲಿ. ಏನಾದರೂ ಅಳಿಸಿಹಾಕಬೇಕಾದರೆ ಅದು ಬೇಕಾಗುತ್ತದೆ.

ಒಂದು ಶಾಟ್ ಬಗ್ಗೆ ವಿಶೇಷವಾಗಿ ಹೇಳಬೇಕು. ‘ಇಷ್ಟು ನಿಮಿಷದಲ್ಲಿ ನೀರು ಕುದಿಯುತ್ತದೆ’ ಅಂತ ಜಾಹೀರಾತಿನಲ್ಲಿ ಹೇಳುವುದಿದ್ದರೆ, ನೀರು ಹಾಕುವುದರಿಂದ ಕುದಿದು ಸ್ವಿಚ್ ತಾನಾಗಿ ಆಫ್ ಆಗುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ಟೇಕ್ ತೆಗೆಯಿರಿ. ಪಕ್ಕದಲ್ಲಿ ಗಡಿಯಾರ ಓಡುತ್ತಿರಲಿ. ಎಡಿಟರ್ ಅದರಲ್ಲಿ ಎರಡು ಸೆಕೆಂಡು ಬಳಸಬಹುದು. ಆದರೆ ನಾಳೆ ಯಾರಾದರೂ ‘ಇದು ನಿಜವಾ?’ ಅಂತ ಕೇಳಿದರೆ ಕಂಪನಿ ತೋರಿಸಬಹುದಾದದ್ದು ಆ ಕ್ಲಿಪ್ಪನ್ನೇ. ನೋಡುವವರು ನಂಬಿ ದುಡ್ಡು ಕೊಡುತ್ತಾರೆ. ನೀರು ಬೇರೆ ಕಡೆ ಕಾಯಿಸಿ ತಂದು ಸುರಿದು, ಇದರಲ್ಲೇ ಕುದಿಯಿತು ಅಂತ ತೋರಿಸುವ ಕೆಲಸಕ್ಕೆ ಕೈ ಹಾಕಬೇಡಿ, ಯಾರೇ ಹೇಳಿದರೂ.

ಶಬ್ದವನ್ನು ಬಿಡಬೇಡಿ. ಸ್ವಿಚ್ಚಿನ ಟಕ್, ನೀರಿನ ಗೊರಗೊರ, ಸುರಿಯುವ ಸದ್ದು, ಇವನ್ನು ಮೈಕು ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿ. ಸ್ಲೋ ಮೋಷನ್ ಕ್ಲಿಪ್ಪುಗಳಲ್ಲಿ ಎಷ್ಟೋ ಕ್ಯಾಮೆರಾಗಳು ಶಬ್ದ ಬರೆಯುವುದೇ ಇಲ್ಲ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, ಸಾಧ್ಯವಾದರೆ 24 ಬಿಟ್ ಇರಲಿ, ಜೋರು ಶಬ್ದ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟಿದರೆ ಸಾಕು. ರೂಮಿನ ಬರೀ ಮೌನವನ್ನೂ 30 ಸೆಕೆಂಡು ತೆಗೆಯಿರಿ. ಶೂಟಿಂಗ್ ನಡೆಯುವಾಗ ಯಾರ ಫೋನಿನಲ್ಲೂ ಹಾಡು ಬರುತ್ತಿರಬಾರದು. ಹಿನ್ನೆಲೆಯಲ್ಲಿ ಹಾಡು ಸೇರಿದ ಕ್ಲಿಪ್ಪಿನ ಶಬ್ದವನ್ನು ಕತ್ತರಿಸಲೂ ಆಗುವುದಿಲ್ಲ, ಹಕ್ಕಿನ ತಕರಾರೂ ಬರುತ್ತದೆ.

ಶೂಟಿಂಗ್ ಮುಗಿದ ಮೇಲೆ ಸುಸ್ತಾಗಿರುತ್ತದೆ. ತಪ್ಪುಗಳಾಗುವುದು ಆಗಲೇ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಅಷ್ಟು ಜಾಗ ಇರುವ ಎರಡು ಡ್ರೈವ್ ಮೊದಲೇ ಸಿದ್ಧವಿರಲಿ. ಕಾರ್ಡಿನಿಂದ ವಿಡಿಯೊ ಫೈಲುಗಳನ್ನು ಮಾತ್ರ ಆರಿಸಿ ಎಳೆಯಬೇಡಿ. ಕಾರ್ಡಿನಲ್ಲಿರುವ ಫೋಲ್ಡರುಗಳನ್ನು ಇದ್ದ ಹಾಗೇ, ಪೂರ್ತಿಯಾಗಿ ಕಾಪಿ ಮಾಡಿ. ಚಿಕ್ಕ ಚಿಕ್ಕ ಫೈಲುಗಳಲ್ಲಿ ಕ್ಲಿಪ್ಪಿನ ಮಾಹಿತಿ ಇರುತ್ತದೆ. ಕೆಲವು ಕ್ಯಾಮೆರಾಗಳು ಉದ್ದ ಕ್ಲಿಪ್ಪನ್ನು 4 ಜಿಬಿಯ ತುಂಡುಗಳಾಗಿ ಒಡೆದು ಬರೆಯುತ್ತವೆ, ಒಂದು ತುಂಡು ಬಿಟ್ಟುಹೋದರೂ ಶಾಟ್ ಹಾಳು. ಕಾಪಿ ಆದಮೇಲೆ ಚೆಕ್‌ಸಮ್ ನೋಡಿಸುವ ಸಾಫ್ಟ್‌ವೇರಿನಲ್ಲಿ ಪರೀಕ್ಷಿಸಿ. ಅದು ಪ್ರತಿ ಫೈಲನ್ನೂ ಓದಿ ಒಂದು ಸಂಖ್ಯೆ ತೆಗೆಯುತ್ತದೆ. ಮೂಲದ್ದೂ ಕಾಪಿಯದ್ದೂ ಸಂಖ್ಯೆ ಒಂದೇ ಆದರೆ ಕಾಪಿ ಸರಿಯಾಗಿದೆ ಅಂತ ಲೆಕ್ಕ. ಎರಡು ಡ್ರೈವಿನಲ್ಲಿ ಹೀಗೆ ಖಾತ್ರಿಯಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಆ ಎರಡು ಡ್ರೈವುಗಳನ್ನು ಒಂದೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಡಿ.

ಕ್ಲಿಪ್ಪುಗಳ ಹೆಸರು ಬದಲಿಸಬೇಡಿ. ಹೊರಗಿನ ಫೋಲ್ಡರಿಗೆ ಮಾತ್ರ ದಿನಾಂಕ, ವಸ್ತುವಿನ ಹೆಸರು, ಕ್ಯಾಮೆರಾ, ಕಾರ್ಡ್ ಸಂಖ್ಯೆ ಕೊಡಿ. ಡ್ರೈವನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಚಾಟಿಂಗ್ ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಕಳಿಸುವ ಹಾಗೆ ಕಳಿಸಲೇಬೇಡಿ, ಅವು ವಿಡಿಯೊವನ್ನು ಹಿಂಡಿ ಸಣ್ಣದು ಮಾಡುತ್ತವೆ. ಡ್ರೈವೇ ಕೊಡಿ, ಇಲ್ಲವೇ ಮೂಲ ಫೈಲು ಹಾಗೇ ಹೋಗುವ ಕ್ಲೌಡ್‌ಗೆ ಹಾಕಿ. ಅವರು ಪ್ರಾಕ್ಸಿ ಕೇಳಿದರೆ, ಅಂದರೆ ನೋಡಿ ಎಡಿಟ್ ಮಾಡಲು ಹಗುರವಾದ ಪ್ರತಿ, ಮೂಲದ ಹೆಸರು, ಟೈಮ್‌ಕೋಡು (ಪ್ರತಿ ಫ್ರೇಮಿಗೂ ಇರುವ ಸಮಯದ ಗುರುತು), ಫ್ರೇಮ್ ರೇಟು ಮೂರೂ ಹಾಗೇ ಉಳಿಯಬೇಕು.

ಇದರ ಜತೆಗೆ ಒಂದು ಹಾಳೆ ಬರೆದುಕೊಡಿ. ಕ್ಲಿಪ್ ಸಂಖ್ಯೆ, ಏನಿದೆ, ಯಾವ ಟೇಕ್ ಚೆನ್ನಾಗಿದೆ, ಯಾವುದರಲ್ಲಿ ಏನು ದೋಷ. ‘0043: ಸುರಿಯುವುದು, ಹತ್ತಿರದಿಂದ, 100 ಫ್ರೇಮ್, ಕೊನೆಯಲ್ಲಿ ಹನಿ ಬಿತ್ತು, ಅದಕ್ಕೆ ಮೊದಲಿನದು ಚೆನ್ನಾಗಿದೆ’, ಹೀಗೆ. ಲಾಗ್ ಆದರೆ ಯಾವ ಲಾಗ್ ಅಂತ ಬರೆಯಿರಿ. ಕೆಟ್ಟ ಟೇಕ್‌ಗಳನ್ನು ಅಳಿಸಬೇಡಿ. ನಿಮಗೆ ಕೆಟ್ಟದಾಗಿ ಕಂಡ ಟೇಕಿನ ಅರ್ಧ ಸೆಕೆಂಡು ಅವರ ಕಷ್ಟ ಪರಿಹರಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಾಗದಪತ್ರದ ಮಾತು ಚಿಕ್ಕದಾಗಿ. ಮುಖ ಕಾಣಿಸಿಕೊಂಡ ಪ್ರತಿಯೊಬ್ಬರಿಂದ, ಶೂಟ್ ಮಾಡಿದ ಜಾಗದವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬರೀ ಕೈ ಕಂಡರೂ ತೆಗೆದುಕೊಳ್ಳುವುದು ಒಳ್ಳೆಯದು. ಹಿಂದೆ ಬೇರೆ ಕಂಪನಿಯ ಲೋಗೋ, ಯಾರದೋ ಚಿತ್ರಪಟ ಕಾಣದಿರಲಿ. ನಿಮ್ಮ ಒಪ್ಪಂದದಲ್ಲಿ ಈ ಫುಟೇಜನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು, ಮುಂದೆ ಬೇರೆ ಜಾಹೀರಾತಿಗೂ ಕತ್ತರಿಸಿಕೊಳ್ಳಬಹುದಾ ಅನ್ನುವುದು ಸ್ಪಷ್ಟವಾಗಿರಲಿ. ಎಡಿಟ್ ಆದ ವಿಡಿಯೊ ಒಂದೇ ಜಾಹೀರಾತು. ಕಚ್ಚಾ ಫುಟೇಜಿನಿಂದ ಹತ್ತು ಜಾಹೀರಾತು ಮಾಡಬಹುದು, ದರ ಹೇಳುವಾಗ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಶೂಟಿಂಗಿಗೆ ಮೂರು ನಾಲ್ಕು ದಿನ ಇರುವಾಗಲೇ ಇನ್ನೊಂದು ಕೆಲಸ ಮಾಡಿ. ನೀವು ಬಳಸಲಿರುವ ಸೆಟ್ಟಿಂಗಿನಲ್ಲೇ ಕೆಟಲ್ಲಿನ ಒಂದು ನಿಮಿಷದ ಕ್ಲಿಪ್ ತೆಗೆದು, ಕೊನೆಗೆ ಕೊಡುವ ಹಾಗೆಯೇ ಫೋಲ್ಡರ್ ಮಾಡಿ, ಹಾಳೆ ಬರೆದು ಎಡಿಟರ್‌ಗೆ ಕಳಿಸಿ. ಅವರ ಯಂತ್ರದಲ್ಲಿ ತೆರೆಯಿತಾ, ಬಣ್ಣ ತಿದ್ದಲು ಬಂತಾ, ಉದ್ದಕ್ಕೆ ಕತ್ತರಿಸಿದರೆ ಸರಿಬಂತಾ ಅಂತ ಕೇಳಿ. ಅವರು ‘ಸರಿ’ ಅಂದಮೇಲೆ ಲೈಟು ಹಚ್ಚಿ.